ಸೌಮ್ಯ ಹೂಗಂಪಿನ ಪೈಪ್ ತಂಬಾಕು: ರುಚಿ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಬ್ಬಿ ತೆರೆದಾಗ ಮೂಗಿಗೆ ಬಡಿದ ಗುಲಾಬಿ ಕಂಪು ಸೇದುವಾಗ ಎಲ್ಲಿ ಹೋಯಿತು? ಹೂಗಂಪಿನ ತಂಬಾಕಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಇದೇ. ಹೆಚ್ಚಿನ ಸಲ ತಪ್ಪು ತಂಬಾಕಿನದ್ದಲ್ಲ, ಶಾಖ ಮತ್ತು ತೇವದ್ದು. ಹೂವಿನ ಪರಿಮಳ ಬಿಸಿಗೆ ಬೇಗ ಹಾರಿಹೋಗುವಂಥದ್ದು. ಅದನ್ನು ಉಳಿಸಿಕೊಂಡು ರುಚಿ ನೋಡುವುದು ಹೇಗೆ ಎಂಬುದೇ ಈ ಪುಟದ ವಿಷಯ. ಇದು ಈಗಾಗಲೇ ಪೈಪ್ ಸೇದುವ ವಯಸ್ಕರಿಗಾಗಿ ಬರೆದದ್ದು.

ಹೂಗಂಪಿನ ತಂಬಾಕಿನಲ್ಲಿ ನಿಜವಾದ ಹೂವಿನ ಎಸಳು ಇರುತ್ತದೆಯೇ?

ಸಾಮಾನ್ಯವಾಗಿ ಇರುವುದಿಲ್ಲ. ಕೆಲವು ಮಿಶ್ರಣಗಳಲ್ಲಿ ನೋಟಕ್ಕೆಂದು ಒಣ ಎಸಳು ಸೇರಿಸುವುದುಂಟು. ಆದರೆ ಅದು ಉರಿದಾಗ ಒಣಹುಲ್ಲು ಸುಟ್ಟ ವಾಸನೆ ಬರುತ್ತದೆಯೇ ಹೊರತು ಹೂವಿನ ಕಂಪಲ್ಲ.

ಪರಿಮಳ ಸೇರುವುದು ಎರಡು ಹಂತದಲ್ಲಿ. ಎಲೆ ಕತ್ತರಿಸುವ ಮೊದಲು ಸಕ್ಕರೆ, ಜೇನು, ಅತಿಮಧುರ, ಕೋಕೋ ಮೊದಲಾದವುಗಳ ದ್ರಾವಣದಲ್ಲಿ ಅದನ್ನು ನೆನೆಸುತ್ತಾರೆ ಅಥವಾ ದ್ರಾವಣ ಸಿಂಪಡಿಸುತ್ತಾರೆ. ಇದಕ್ಕೆ ಕೇಸಿಂಗ್ ಎನ್ನುತ್ತಾರೆ. ಇದು ಎಲೆಯೊಳಗೆ ಇಳಿದು ಒಗರನ್ನೂ ಘಾಟನ್ನೂ ತಗ್ಗಿಸುತ್ತದೆ. ಎಲ್ಲ ಮುಗಿದ ಮೇಲೆ, ಡಬ್ಬಿಗೆ ತುಂಬುವ ಮುನ್ನ, ಹೆಚ್ಚಾಗಿ ಆಲ್ಕೋಹಾಲಿನಲ್ಲಿ ಕರಗಿಸಿದ ಸುಗಂಧವನ್ನು ಮೇಲಿನಿಂದ ಸಿಂಪಡಿಸುತ್ತಾರೆ. ಇದು ಟಾಪಿಂಗ್. ಗುಲಾಬಿ, ಜೆರೇನಿಯಂ, ಲ್ಯಾವೆಂಡರ್, ಕಿತ್ತಳೆ ಹೂವು ಬರುವುದು ಬಹುತೇಕ ಈ ಎರಡನೇ ಹಂತದಲ್ಲಿ. ಅಂದರೆ ಕಂಪು ಕೂತಿರುವುದು ಎಲೆಯ ಮೈಮೇಲೆ. ಡಬ್ಬಿಯಲ್ಲಿ ಜೋರಾಗಿದ್ದು ಹೊಗೆಯಲ್ಲಿ ಅಳುಕುವುದಕ್ಕೆ ಇದೂ ಒಂದು ಕಾರಣ.

ಈ ಶೈಲಿಗೆ ಹೆಸರಾದ ಊರು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಅಂಚಿನ ಕೆಂಡಲ್. ಅಲ್ಲಿಯ ನಶ್ಯ ಮತ್ತು ತಂಬಾಕು ತಯಾರಿಕೆಯ ಪರಂಪರೆ 1792ರಷ್ಟು ಹಳೆಯದು. ಗುಲಾಬಿ, ಜೆರೇನಿಯಂ, ಟೊಂಕಾ ಬೀಜದ (ವೆನಿಲಾದಂಥ ವಾಸನೆಯ ಒಂದು ಮರದ ಬೀಜ) ಕಂಪು ಬೆರೆತ ಅಲ್ಲಿಯ ಮಿಶ್ರಣಗಳನ್ನು ಪೈಪ್ ಸೇದುವವರು ‘ಲೇಕ್‌ಲ್ಯಾಂಡ್’ ಎಂದೇ ಕರೆಯುತ್ತಾರೆ. ಅವೆಲ್ಲ ಸೌಮ್ಯವೇನಲ್ಲ. ಕೆಲವಕ್ಕೆ ಕಂಪು ಹೂವಿನದ್ದು, ನಿಕೋಟಿನ್ ಮಾತ್ರ ತಲೆ ತಿರುಗಿಸುವಷ್ಟು.

ಸುಗಂಧ ಸೇರಿಸದ ತಂಬಾಕಿನಲ್ಲೂ ಹೂವಿನ ಎಳೆ ಸಿಗುತ್ತದೆ. ಅದು ಭ್ರಮೆಯೇ?

ಅಲ್ಲ. ಎಲೆ ಹದವಾಗುವಾಗ ಅದರಲ್ಲಿನ ಕೆರೋಟಿನಾಯ್ಡ್ ಎಂಬ ಹಳದಿ–ಕಿತ್ತಳೆ ಬಣ್ಣದ ವಸ್ತುಗಳು ಒಡೆದು ಬೀಟಾ ಡಮಾಸ್ಕೆನೋನ್, ಬೀಟಾ ಅಯೋನೋನ್ ಎಂಬ ವಸ್ತುಗಳು ಹುಟ್ಟುತ್ತವೆ. ಮೊದಲನೆಯದು ಗುಲಾಬಿ ತೈಲದಲ್ಲೂ ಇದೆ, ಎರಡನೆಯದು ವಯೊಲೆಟ್ ಹೂವಿನ ಕಂಪಿನಲ್ಲೂ ಇದೆ. ಹಳೆಯ ವರ್ಜೀನಿಯಾ ಮತ್ತು ಸಣ್ಣ ಎಲೆಯ ಓರಿಯೆಂಟಲ್ ತಂಬಾಕಿನಲ್ಲಿ ಇವು ಚೆನ್ನಾಗಿ ತಿಳಿಯುತ್ತವೆ. ಒಳ್ಳೆಯ ಹೂಗಂಪಿನ ಮಿಶ್ರಣವೆಂದರೆ ಹೊರಗಿನಿಂದ ಹಾಕಿದ ಪರಿಮಳ ಎಲೆಯದ್ದೇ ಆದ ಈ ಕಂಪಿನ ಜೊತೆ ಹೊಂದಿಕೊಂಡಿರುವಂಥದ್ದು. ಕಳಪೆ ಮಿಶ್ರಣದಲ್ಲಿ ಎರಡೂ ಬೇರೆ ಬೇರೆಯಾಗಿ ನಿಲ್ಲುತ್ತವೆ: ಮೂಗಿಗೆ ಅತ್ತರು, ನಾಲಿಗೆಗೆ ಬರಿಯ ಕಾಗದ.

‘ಸೌಮ್ಯ’ ಎಂದು ಬರೆದಿದೆ. ಏನು ಸೌಮ್ಯ?

ಕೇಳಲೇಬೇಕಾದ ಪ್ರಶ್ನೆ ಇದು. ನಿಕೋಟಿನ್ನಿನ ಕಸುವು ಒಂದು, ಬಾಯಲ್ಲಿ ತಿಳಿಯುವ ರುಚಿಯ ದಟ್ಟಣೆ ಇನ್ನೊಂದು, ಕೋಣೆಯಲ್ಲಿ ಹರಡುವ ವಾಸನೆ ಮತ್ತೊಂದು. ಮೂರಕ್ಕೂ ನೇರ ಸಂಬಂಧವಿಲ್ಲ. ಡಬ್ಬಿಯ ಮೇಲಿನ ‘ಸೌಮ್ಯ’ ಹೆಚ್ಚಾಗಿ ಹೇಳುವುದು ಮೊದಲ ಎರಡರ ಬಗ್ಗೆ.

ಎಲೆ ಯಾವುದೆಂದು ನೋಡಿದರೆ ಅಂದಾಜು ಸಿಗುತ್ತದೆ. ವರ್ಜೀನಿಯಾವನ್ನು ಬಿಸಿಗಾಳಿಯಲ್ಲಿ ಬೇಗ ಒಣಗಿಸುವುದರಿಂದ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಹೊಗೆ ಸಿಹಿ, ಆದರೆ ಅವಸರದಲ್ಲಿ ಸೇದಿದರೆ ನಾಲಿಗೆ ಉರಿ. ಬರ್ಲಿ ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗುವಾಗ ಸಕ್ಕರೆಯನ್ನು ಬಹುತೇಕ ಕಳೆದುಕೊಳ್ಳುತ್ತದೆ. ಅದು ಹಾಕಿದ ಪರಿಮಳವನ್ನು ಹೀರಿಕೊಂಡು ಹಿಡಿದಿಡುತ್ತದೆ, ನಿಕೋಟಿನ್ ತುಸು ಹೆಚ್ಚು. ಬ್ಲ್ಯಾಕ್ ಕ್ಯಾವೆಂಡಿಶ್ ಎಂಬುದು ಎಲೆಯ ಜಾತಿಯಲ್ಲ, ಎಲೆಯನ್ನು ಹಬೆ ಮತ್ತು ಒತ್ತಡದಲ್ಲಿ ಬೇಯಿಸಿ ಕಪ್ಪಾಗಿಸುವ ವಿಧಾನ. ಅದರ ಹೊಗೆ ಮೃದು, ಸ್ವಂತ ರುಚಿ ಕಡಿಮೆ. ವರ್ಜೀನಿಯಾ ಮತ್ತು ಕ್ಯಾವೆಂಡಿಶ್ ಮುಖ್ಯವಾಗಿದ್ದು ಬರ್ಲಿ ಸ್ವಲ್ಪವಿರುವ ಮಿಶ್ರಣ ಹೂಗಂಪಿಗೆ ಚೆನ್ನಾಗಿ ಒಗ್ಗುತ್ತದೆ. ಲಟಾಕಿಯಾ ಹಿಡಿಸುವುದಿಲ್ಲ. ಹೊಗೆ ಹಾಕಿ ಹದಮಾಡಿದ ಆ ಎಲೆ ಸ್ವಲ್ಪ ಇದ್ದರೂ ಹೂವನ್ನು ಮುಚ್ಚಿಹಾಕುತ್ತದೆ.

ಹಾಗಾದರೆ ಸೌಮ್ಯವಾದದ್ದು ಆರೋಗ್ಯಕ್ಕೆ ಕಡಿಮೆ ಹಾನಿಕರವೇ?

ಇಲ್ಲ. ಹೂವಿನ ಕಂಪು, ಮೃದುವಾದ ಹೊಗೆ ಇವೆಲ್ಲ ರುಚಿಯ ಮಾತು. ಉರಿಯುವ ಎಲೆಯಿಂದ ಬರುವ ಟಾರ್, ಕಾರ್ಬನ್ ಮಾನಾಕ್ಸೈಡ್ ಮತ್ತು ಕ್ಯಾನ್ಸರ್‌ಕಾರಕಗಳು ಇದರಲ್ಲೂ ಇವೆ. ಹೊಗೆಯನ್ನು ಒಳಕ್ಕೆ ಎಳೆಯದಿದ್ದರೂ ಪೈಪ್ ಸೇದುವವರಿಗೆ ತುಟಿ, ಬಾಯಿ, ಗಂಟಲು ಮತ್ತು ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚು. ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ, ಚಟ ಹಿಡಿಸುತ್ತದೆ. ಮಕ್ಕಳು, ಗರ್ಭಿಣಿಯರು, ಉಸಿರಾಟದ ತೊಂದರೆ ಇರುವವರು ಇರುವ ಮನೆಯೊಳಗೆ ಸೇದಲೇಬಾರದು. ಪರಿಮಳ ಚೆನ್ನಾಗಿದೆ ಎಂದ ಮಾತ್ರಕ್ಕೆ ಆ ಹೊಗೆ ಬೇರೆಯಾಗುವುದಿಲ್ಲ. ಸೇದದವರು ರುಚಿಯ ಕುತೂಹಲಕ್ಕೆಂದು ಶುರುಮಾಡುವುದು ಬೇಡ. ಸೇದುತ್ತಿರುವಾಗ ಬಿಕ್ಕಳಿಕೆ, ತಣ್ಣನೆ ಬೆವರು, ವಾಕರಿಕೆ ಬಂದರೆ ನಿಕೋಟಿನ್ ಅತಿಯಾಗಿದೆ ಎಂದು ಅರ್ಥ. ಪೈಪ್ ಕೆಳಗಿಟ್ಟು ನೀರು ಕುಡಿಯಿರಿ, ಕುಳಿತುಕೊಳ್ಳಿ.

ಡಬ್ಬಿ ತೆರೆದ ಕೂಡಲೇ ಮೂಸಿ ನಿರ್ಧರಿಸಬಹುದೇ?

ಬೇಡ. ಮುಚ್ಚಿದ ಡಬ್ಬಿಯಲ್ಲಿ ಆಲ್ಕೋಹಾಲಿನ ಆವಿ ತುಂಬಿಕೊಂಡಿರುತ್ತದೆ. ಮೊದಲ ಬಾರಿ ಮೂಗಿಗೆ ಬಡಿಯುವುದು ಅದೇ. ಮುಚ್ಚಳ ತೆಗೆದು ಹತ್ತು ನಿಮಿಷ ಬಿಡಿ. ಆಮೇಲೆ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಹಗುರವಾಗಿ ಉಜ್ಜಿ, ಮೈಬಿಸಿಗೆ ಏಳುವ ವಾಸನೆ ನೋಡಿ. ಮೇಲೆ ಹೂವು, ಕೆಳಗೆ ಒಣಹುಲ್ಲು ಅಥವಾ ಬೆಲ್ಲದಂಥ ಎಲೆಯ ವಾಸನೆ ಸಿಕ್ಕರೆ ಒಳ್ಳೆಯ ಲಕ್ಷಣ. ಹೂವು ಮಾತ್ರ ಇದ್ದು ಎಲೆಯ ಸುಳಿವೇ ಇಲ್ಲದಿದ್ದರೆ ಸುಗಂಧ ಹಾಕಿ ಎಲೆಯ ಕೊರತೆ ಮುಚ್ಚಿರುವ ಸಾಧ್ಯತೆ ಉಂಟು. ಮುಗ್ಗಲು ವಾಸನೆ ಬಂದರೆ ಎಲೆಗಳ ನಡುವೆ ಹತ್ತಿಯಂಥ ಬೂಷ್ಟು ಇದೆಯೇ ನೋಡಿ. ಇದ್ದರೆ ಇಡೀ ಡಬ್ಬಿ ಎಸೆಯಬೇಕು.

ಕೈಗೆ ಸೋಪು, ಸ್ಯಾನಿಟೈಸರ್, ಕ್ರೀಮಿನ ವಾಸನೆ ಇರಬಾರದು. ಹೂಗಂಪಿನ ತಂಬಾಕಿನಲ್ಲಿ ಇದು ತುಂಬಾ ಮುಖ್ಯ, ಏಕೆಂದರೆ ಅವುಗಳಲ್ಲಿ ಇರುವುದೂ ಬಹುತೇಕ ಇದೇ ಸುಗಂಧಗಳು.

ಎಷ್ಟು ಒಣಗಿಸಬೇಕು?

ಅರ್ಧ ರುಚಿ ಇಲ್ಲೇ ತೀರ್ಮಾನವಾಗುತ್ತದೆ. ಸುಗಂಧ ಸೇರಿಸಿದ ತಂಬಾಕು ಡಬ್ಬಿಯಿಂದ ಬರುವಾಗ ಒದ್ದೆಯಾಗೇ ಇರುತ್ತದೆ, ಸೇದಲು ಬೇಕಾದ ತೇವ ಅದಕ್ಕಿಂತ ಕಡಿಮೆ, ಸುಮಾರು ಶೇ 12ರಿಂದ 14. ಮಿಕ್ಕ ನೀರು ಬೌಲಿನಲ್ಲಿ, ಅಂದರೆ ಪೈಪಿನ ತಂಬಾಕು ತುಂಬುವ ಬಟ್ಟಲಿನಲ್ಲಿ, ಹಬೆಯಾಗುತ್ತದೆ. ಕೆಂಡ ಆರುತ್ತದೆ, ಉಳಿಸಿಕೊಳ್ಳಲು ಜೋರಾಗಿ ಎಳೆಯುತ್ತೀರಿ, ಬೌಲು ಕಾಯುತ್ತದೆ, ಹೂವು ಹಬೆಯ ಜೊತೆ ಹೊರಟುಹೋಗುತ್ತದೆ.

ಒಂದು ಬೌಲಿಗೆ ಬೇಕಾದ 2ರಿಂದ 3 ಗ್ರಾಂ ತಂಬಾಕನ್ನು ವಾಸನೆಯಿಲ್ಲದ ಬಿಳಿ ಕಾಗದದ ಮೇಲೆ ತೆಳುವಾಗಿ ಹರಡಿ. ಗಾಳಿ ಒಣಗಿದ್ದರೆ 20 ನಿಮಿಷ, ಮಳೆಗಾಲದ ಹವೆಯಲ್ಲಿ ಒಂದು ಗಂಟೆ ಅಥವಾ ಹೆಚ್ಚು. ನಡುವೆ ಒಮ್ಮೆ ಮಗುಚಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಬಿಡಿ: ಉಂಡೆಯಾಗಿಯೇ ಉಳಿದರೆ ಇನ್ನೂ ಒದ್ದೆ, ನಿಧಾನವಾಗಿ ಬಿಚ್ಚಿಕೊಂಡರೆ ಹದ, ಪುಡಿಯಾದರೆ ಹದ ಮೀರಿದೆ. ತೇವ ಹಿಡಿದಿಡುವ ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚು ಹಾಕಿದ ತಂಬಾಕು ಎಷ್ಟು ಹೊತ್ತು ಹರಡಿಟ್ಟರೂ ಬೆರಳಿಗೆ ಜಿಗುಟಾಗೇ ಇರುತ್ತದೆ. ಅಂಥದ್ದಕ್ಕೆ ಬೆರಳ ಪರೀಕ್ಷೆ ನಂಬಬೇಡಿ, ಒಂದು ಗಂಟೆ ಕಳೆದ ಮೇಲೆ ಸೇದಿಯೇ ನೋಡಿ.

ಹೇರ್ ಡ್ರೈಯರ್, ಮೈಕ್ರೋವೇವ್, ಬಿಸಿಲು ಮೂರೂ ಬೇಡ. ಆ ಬಿಸಿಗೆ ನೀರಿನ ಜೊತೆ ಟಾಪಿಂಗ್ ಕೂಡ ಹಾರಿಹೋಗುತ್ತದೆ.

ಯಾವ ಪೈಪ್ ಒಳ್ಳೆಯದು?

ರುಚಿ ನೋಡುವುದಷ್ಟೇ ಉದ್ದೇಶವಾದರೆ ಮಣ್ಣಿನ ಪೈಪ್. ಅದು ತನ್ನ ರುಚಿ ಸೇರಿಸುವುದಿಲ್ಲ, ಹಿಂದಿನದ್ದನ್ನೂ ನೆನಪಿಡುವುದಿಲ್ಲ. ಆದರೆ ಬೌಲು ಕೈ ಸುಡುವಷ್ಟು ಕಾಯುತ್ತದೆ, ಕಾಂಡದಲ್ಲೇ ಹಿಡಿಯಬೇಕು. ಮೀರ್‌ಶಾಮ್ ಎಂಬ ಮೃದುವಾದ ಬಿಳಿ ಖನಿಜದ ಪೈಪ್ ಕೂಡ ಒಳ್ಳೆಯದೇ. ಮೆಕ್ಕೆಜೋಳದ ತೆನೆಯ ದಿಂಡಿನ ಪೈಪ್ ಅಗ್ಗ, ತೇವ ಹೀರುತ್ತದೆ. ಮೊದಲ ಕೆಲವು ಬೌಲುಗಳಲ್ಲಿ ತನ್ನದೇ ಸಿಹಿ ಸೇರಿಸುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಬ್ರಯರ್ (ಗಟ್ಟಿಯಾದ ಬೇರುಗಂಟಿನ ಮರ) ಪೈಪ್ ಆದರೆ ಹೂಗಂಪಿಗೆಂದೇ ಒಂದನ್ನು ಮೀಸಲಿಡಿ. ಬೌಲಿನ ಒಳ ಅಗಲ 18ರಿಂದ 20 ಮಿಲಿಮೀಟರ್, ಗೋಡೆ ದಪ್ಪ ಇದ್ದರೆ ಸಾಕು.

9 ಮಿಲಿಮೀಟರಿನ ಇದ್ದಿಲು ಫಿಲ್ಟರ್ ಇರುವ ಪೈಪಿನಲ್ಲಿ ಹೂವನ್ನು ಹುಡುಕಬೇಡಿ. ಸಕ್ರಿಯ ಇದ್ದಿಲು ಪರಿಮಳವನ್ನೂ ಹಿಡಿದುಬಿಡುತ್ತದೆ.

ತುಂಬುವುದು, ಹೊತ್ತಿಸುವುದು ಹೇಗೆ?

ಎಂದಿಗಿಂತ ತುಸು ಸಡಿಲವಾಗಿ. ಸಿಹಿ ದ್ರಾವಣ ಹೀರಿದ ಎಲೆ ಬಿಸಿಗೆ ಉಬ್ಬಿ ಅಂಟಿಕೊಳ್ಳುತ್ತದೆ. ಮೊದಲು ಬೌಲಿನ ಬಾಯಿಯವರೆಗೆ ಉದುರಿಸಿ ಅರ್ಧಕ್ಕೆ ಹಗುರವಾಗಿ ಒತ್ತಿ. ಮತ್ತೆ ಬಾಯಿಯವರೆಗೆ ತುಂಬಿ ಮುಕ್ಕಾಲಿಗೆ ಒತ್ತಿ. ಮೂರನೆಯದನ್ನು ಅಂಚಿಗಿಂತ 3 ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಹೊತ್ತಿಸದೆ ಎಳೆದು ನೋಡಿದಾಗ ಸ್ಟ್ರಾದಲ್ಲಿ ನೀರು ಎಳೆದಷ್ಟು ತಡೆ ಇರಬೇಕು, ಹೆಚ್ಚಾದರೆ ತೆಗೆದು ಮತ್ತೆ ತುಂಬಿ. ಹೊತ್ತಿಸದೆ ಎಳೆದ ಆ ಗಾಳಿಯ ರುಚಿಯನ್ನೂ ಗಮನಿಸಿ. ಟಾಪಿಂಗ್ ಬಾಯಿಗೆ ಕಲಬೆರಕೆಯಿಲ್ಲದೆ ಸಿಗುವ ಗಳಿಗೆ ಅದೊಂದೇ.

ಕಡ್ಡಿಯಾದರೆ ತುದಿಯ ಮದ್ದು ಪೂರ್ತಿ ಉರಿದು ಮರದ ಜ್ವಾಲೆ ಬಂದ ಮೇಲೆ ಬೌಲಿಗೆ ಹಿಡಿಯಿರಿ. ಲೈಟರ್ ಆದರೆ ಬ್ಯೂಟೇನ್ ಗ್ಯಾಸಿನದ್ದು. ಪೆಟ್ರೋಲ್ ಲೈಟರಿನ ವಾಸನೆ ಮೊದಲ ಹತ್ತು ದಮ್ಮಿನವರೆಗೂ ಇರುತ್ತದೆ, ಹೂವು ಇರುವುದೂ ಅಲ್ಲೇ. ಜ್ವಾಲೆಯನ್ನು ಸುತ್ತಲೂ ಆಡಿಸಿ ಮೇಲ್ಪದರ ಕಪ್ಪಾಗಿಸಿ, ಉಬ್ಬಿದ್ದನ್ನು ಟ್ಯಾಂಪರಿನಿಂದ (ತಂಬಾಕು ಒತ್ತುವ ಸಣ್ಣ ಸಾಧನ) ಸಮ ಮಾಡಿ, ಅರ್ಧ ನಿಮಿಷ ಬಿಟ್ಟು ಎರಡನೇ ಸಲ ಹೊತ್ತಿಸಿ.

ಬೌಲಿನ ಉದ್ದಕ್ಕೂ ಯಾವ ಯಾವ ರುಚಿ ನಿರೀಕ್ಷಿಸಬಹುದು?

ಗುಲಾಬಿ–ಜೆರೇನಿಯಂ ಮೇಲಿದ್ದು ವೆನಿಲಾ ಅಥವಾ ಟೊಂಕಾ ಕೆಳಗಿರುವ ಒಂದು ಸಾಮಾನ್ಯ ಸೌಮ್ಯ ಮಿಶ್ರಣವನ್ನೇ ತೆಗೆದುಕೊಳ್ಳೋಣ. ಅದರ ವಸ್ತುಗಳು ಕುದಿಯುವ ಉಷ್ಣತೆ ನೋಡಿದರೆ ರುಚಿಯ ಸರದಿ ಅರ್ಥವಾಗುತ್ತದೆ. ಲ್ಯಾವೆಂಡರಿನಲ್ಲೂ ಜೆರೇನಿಯಂನಲ್ಲೂ ಇರುವ ಲಿನಲೂಲ್ ಸುಮಾರು 198 ಡಿಗ್ರಿ ಸೆಲ್ಸಿಯಸ್. ಗುಲಾಬಿಯ ಫಿನೈಲೀಥೈಲ್ ಆಲ್ಕೋಹಾಲ್ ಸುಮಾರು 220, ಜೆರಾನಿಯಾಲ್ ಸುಮಾರು 230. ವೆನಿಲಿನ್ 285, ಟೊಂಕಾದ ಕೂಮರಿನ್ ಸುಮಾರು 301. ಕೆಂಡದ ಬಿಸಿ ಇವೆಲ್ಲಕ್ಕಿಂತ ಬಹಳ ಮೇಲೆ. ಹೂವಿನ ವಸ್ತುಗಳು ಕೆಂಡದಲ್ಲಿ ಉಳಿಯುವುದಿಲ್ಲ. ಕೆಂಡದ ಕೆಳಗೆ, ಇನ್ನೂ ಹೊತ್ತದ ಬೆಚ್ಚಗಿನ ಪದರದಿಂದ ಅವು ಆವಿಯಾಗಿ ಬಾಯಿಗೆ ಬರುತ್ತವೆ. ನಿಧಾನವಾಗಿ ಸೇದಿದರೆ ಆ ಪದರ ಮೆಲ್ಲಗೆ ಕಾಯುತ್ತದೆ, ಅವಸರಪಟ್ಟರೆ ಒಮ್ಮೆಲೇ ಖಾಲಿ.

ಮೊದಲ ಐದಾರು ದಮ್ಮುಗಳಲ್ಲಿ ಜೆರೇನಿಯಂ ಎಲೆ ಹಿಸುಕಿದಂಥ ಹಸಿರು, ತುಸು ನಿಂಬೆಯ ಚುರುಕು. ಅದರ ಹಿಂದೆಯೇ ಗುಲಾಬಿ ಬರುತ್ತದೆ, ನಾಲಿಗೆಗಿಂತ ಅಂಗುಳಿನ ಹಿಂದೆ, ಮೂಗಿನ ಬುಡದಲ್ಲಿ. ಬೌಲಿನ ಮೂರನೇ ಒಂದು ಭಾಗ ಮುಗಿಯುವವರೆಗೆ ಇದು ಇರಬೇಕು. ನಡುಭಾಗದಲ್ಲಿ ಹೂವು ಹಿಂದೆ ಸರಿದು ವರ್ಜೀನಿಯಾದ ಒಣಹುಲ್ಲು, ಸುಟ್ಟ ಬ್ರೆಡ್ಡಿನ ಹೊರಪದರ, ವೆನಿಲಾ ಮುಂದೆ ಬರುತ್ತವೆ. ಅತ್ಯಂತ ಸೊಗಸಿನ ಭಾಗ ಇದೇ ಎಂದು ನಮ್ಮ ಅಭಿಪ್ರಾಯ. ಹೂವು ಮತ್ತು ಎಲೆ ಸರಿಸಮ ನಿಲ್ಲುವುದು ಇಲ್ಲಿ ಮಾತ್ರ. ಕೊನೆಯ ಭಾಗದಲ್ಲಿ ಟೊಂಕಾದ ಬಾದಾಮಿಯಂಥ ಎಳೆ, ಬರ್ಲಿಯ ಕಹಿ, ತುಸು ಒಗರು. ಪೂರ್ತಿ ಬೂದಿಯಾಗುವವರೆಗೂ ಸೇದಲೇಬೇಕೆಂದಿಲ್ಲ. ಕಮರು ವಾಸನೆ ಬಂದ ಕೂಡಲೇ ನಿಲ್ಲಿಸಿ.

ಹೂವು ಮೊದಲ ಎರಡು ನಿಮಿಷಕ್ಕೇ ಮಾಯವಾಗುತ್ತದೆ. ಏನು ಮಾಡಲಿ?

ಬೌಲನ್ನು ಕೆನ್ನೆಗೆ ತಾಗಿಸಿ ನೋಡಿ. ಹಿಡಿದಿರಲು ಆಗದಷ್ಟು ಬಿಸಿ ಇದ್ದರೆ ನಿಮ್ಮ ಸೇದುವ ವೇಗವೇ ಕಾರಣ. ಕೆಳಗಿಟ್ಟು ಎರಡು ನಿಮಿಷ ಬಿಡಿ, ಆರಿದರೆ ಆರಲಿ. ಮತ್ತೆ ಹೊತ್ತಿಸಿದಾಗ ಕಂಪು ಸ್ವಲ್ಪ ಮರಳುತ್ತದೆ. ಒಂದು ಸಣ್ಣ ದಮ್ಮಿನಿಂದ ಇನ್ನೊಂದಕ್ಕೆ 20ರಿಂದ 30 ಸೆಕೆಂಡ್ ಅಂತರ ಇರಲಿ. ಹೊಗೆ ದಟ್ಟವಾಗಿ ಕಾಣಬೇಕೆಂಬ ಹಟ ಬೇಡ, ತೆಳುವಾದ ಹೊಗೆಯಲ್ಲೇ ಈ ಪರಿಮಳ ಚೆನ್ನಾಗಿ ತಿಳಿಯುತ್ತದೆ.

ಬೌಲು ತಣ್ಣಗಿದ್ದೂ ಹೂವು ಸಿಗದಿದ್ದರೆ ಮೂಗು ಒಗ್ಗಿಹೋಗಿರಬಹುದು. ಒಂದೇ ಪರಿಮಳ ಸತತವಾಗಿ ಬಂದರೆ ಮೂಗು ಅದನ್ನು ಲೆಕ್ಕಕ್ಕೆ ಹಿಡಿಯುವುದನ್ನು ಬಿಡುತ್ತದೆ. ಹೊರಗಿನ ಗಾಳಿಗೆ ಹೋಗಿ ಐದು ನಿಮಿಷ ಕಳೆದು ಬನ್ನಿ. ಪಕ್ಕದವರು ‘ಒಳ್ಳೆಯ ಪರಿಮಳ’ ಎನ್ನುವಾಗ ಸೇದುವವರಿಗೆ ಏನೂ ತಿಳಿಯದಿರುವುದಕ್ಕೂ ಇದೇ ಮುಖ್ಯ ಕಾರಣ.

ಹೊಗೆಯನ್ನು ಮೂಗಿನಿಂದ ಬಿಡಬೇಕು ಎನ್ನುತ್ತಾರೆ. ಯಾಕೆ?

ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿಯಂಥ ಮೂಲ ರುಚಿಗಳಷ್ಟೇ ಗೊತ್ತು. ಗುಲಾಬಿ ತಿಳಿಯುವುದು ಮೂಗಿಗೆ. ಬಾಯಲ್ಲಿನ ಹೊಗೆಯ ಬಹುಪಾಲನ್ನು ಮೊದಲು ತುಟಿಯಿಂದ ಬಿಟ್ಟು, ಉಳಿದ ಚೂರನ್ನು ಬಾಯಿ ಮುಚ್ಚಿ ನುಂಗುವ ಚಲನೆಯಲ್ಲಿ ಗಂಟಲ ಮೇಲ್ಭಾಗಕ್ಕೆ ತಂದು ಮೆಲ್ಲಗೆ ಮೂಗಿನಿಂದ ಹೊರಬಿಡಿ. ಶ್ವಾಸಕೋಶಕ್ಕೆ ಎಳೆಯಬಾರದು. ಒಂದು ಬೌಲಿಗೆ ನಾಲ್ಕೈದು ಬಾರಿ ಮಾಡಿದರೆ ಧಾರಾಳವಾಯಿತು. ಮೂಗು ಉರಿದರೆ ಪ್ರಮಾಣ ಹೆಚ್ಚಾಗಿದೆ.

ಸೋಪು ತಿಂದ ಹಾಗಿದೆ!

ತಪ್ಪೇನಿಲ್ಲ, ಹಲವರಿಗೆ ಹಾಗೇ ಅನಿಸುತ್ತದೆ. ಜೆರಾನಿಯಾಲ್, ಸಿಟ್ರೊನೆಲಾಲ್, ಲಿನಲೂಲ್ ಇವೇ ಸ್ನಾನದ ಸೋಪಿನಲ್ಲೂ ಇರುವುದರಿಂದ ಮೂಗು ಪರಿಚಿತ ಹೆಸರನ್ನೇ ಹೇಳುತ್ತದೆ. ಮೂರ್ನಾಲ್ಕು ಬೌಲಿನ ನಂತರ ಕೆಲವರಿಗೆ ಅದು ಹೂವಾಗುತ್ತದೆ, ಕೆಲವರಿಗೆ ಎಂದೂ ಆಗುವುದಿಲ್ಲ. ಡಬ್ಬಿಯನ್ನು ಒಂದು ವಾರ ದಿನಕ್ಕೆ ಹತ್ತು ನಿಮಿಷ ತೆರೆದಿಟ್ಟು ಟಾಪಿಂಗ್ ತಗ್ಗಿಸಿ ನೋಡಿ. ಆಗಲೂ ಹಿಡಿಸದಿದ್ದರೆ ಸರಳ ವರ್ಜೀನಿಯಾವನ್ನು ಸಮಪಾಲು ಬೆರೆಸಬಹುದು.

ನಾಲಿಗೆ ಉರಿಯುತ್ತದೆ, ಪೈಪಿನಲ್ಲಿ ಗೊಳಗೊಳ ಸದ್ದು ಬರುತ್ತದೆ.

ಎರಡಕ್ಕೂ ಮೂಲ ಒಂದೇ, ನೀರು. ಬಿಸಿ ಹಬೆ ನಾಲಿಗೆಯನ್ನು ಸುಡುತ್ತದೆ, ಕಾಂಡದಲ್ಲಿ ತಣಿದು ನೀರಾಗಿ ಗೊಳಗುಟ್ಟುತ್ತದೆ. ಸದ್ದು ಕೇಳಿದ ಕೂಡಲೇ ಪೈಪ್ ಕ್ಲೀನರನ್ನು ಬಾಯಿಯ ಕಡೆಯಿಂದ ಬೌಲಿನ ತಳದವರೆಗೆ ತೂರಿಸಿ, ಐದು ಸೆಕೆಂಡ್ ಬಿಟ್ಟು ತೆಗೆಯಿರಿ. ಬಿಸಿ ಇರುವಾಗ ಕಾಂಡವನ್ನು ಬಿಚ್ಚಬೇಡಿ, ಕೂಡುವ ಜಾಗದಲ್ಲಿ ಬಿರುಕು ಬಿಡುವುದು ಹಾಗೆಯೇ. ಮುಂದಿನ ಬೌಲಿಗೆ ಇನ್ನೂ ಹದಿನೈದು ನಿಮಿಷ ಒಣಗಿಸಿ. ಉರಿಯುವ ನಾಲಿಗೆಗೆ ಎರಡು ದಿನ ಬಿಡುವು ಬೇಕು. ಹುಣ್ಣು ಅಥವಾ ಬಿಳಿ ಮಚ್ಚೆ ಎರಡು ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಪೈಪಿಗೆ ಹಿಡಿದ ಹೂವಿನ ವಾಸನೆ ಹೋಗುವುದಿಲ್ಲವಲ್ಲ?

ಬ್ರಯರಿನಲ್ಲಿ ಇದು ಮೊಂಡು ಸಮಸ್ಯೆ. ಮೊದಲು ಒಳಗೋಡೆಯ ಕರಿಪದರವನ್ನು 1 ಮಿಲಿಮೀಟರಿಗೆ ಕೆರೆಯಿರಿ, ವಾಸನೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಆಮೇಲೆ ಕಾಂಡ ಬಿಚ್ಚಿಟ್ಟು, ಬೌಲಿಗೆ ಹತ್ತಿ ತುಂಬಿ, ಕುಡಿಯಲು ಯೋಗ್ಯವಾದ ಶುದ್ಧ ಸ್ಪಿರಿಟ್ ಅನ್ನು ಹನಿಹನಿಯಾಗಿ ಹತ್ತಿ ನೆನೆಯುವಷ್ಟು ಹಾಕಿ. ಮೆಥಿಲೇಟೆಡ್ ಸ್ಪಿರಿಟ್ ಸರ್ವಥಾ ಬೇಡ. ಹೊಗೆ ಹಾದುಬರುವ ರಂಧ್ರಕ್ಕೊಂದು ಪೈಪ್ ಕ್ಲೀನರ್ ಇರಲಿ. ರಾತ್ರಿಯಿಡೀ ಬಿಟ್ಟರೆ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಸ ಹತ್ತಿ ಹಾಕಿ ಇನ್ನೊಮ್ಮೆ ಮಾಡಿ, ಮೂರು ದಿನ ಒಣಗಲು ಬಿಡಿ. ಹತ್ತಿಯ ಬದಲು ಉಪ್ಪು ಹಾಕುವವರೂ ಇದ್ದಾರೆ. ಉಪ್ಪು ಜೋರಾಗಿ ಎಳೆಯುತ್ತದೆ ನಿಜ, ಮರ ಸೀಳುವ ಭಯವೂ ಇದೆ. ಮೀರ್‌ಶಾಮಿಗೆ ಈ ಉಪಾಯ ಕೂಡದು.

ಹೆಚ್ಚು ಕಾಲ ಇಟ್ಟರೆ ಮಾಗುತ್ತದೆಯೇ?

ಎಲೆ ಮಾಗುತ್ತದೆ, ಹೂವು ಮಾಗುವುದಿಲ್ಲ. ತೆರೆದ ಡಬ್ಬಿಯನ್ನು ಕೆಲವು ತಿಂಗಳೊಳಗೆ ಮುಗಿಸಿ. ರಬ್ಬರ್ ಉಂಗುರದ ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ, ಕತ್ತಲಲ್ಲಿ, ಉಳಿದ ತಂಬಾಕಿನಿಂದ ದೂರ ಇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಿಂದ ಕಂಪು ಸೋರುತ್ತದೆ. ಹೂಗಂಪಿಗೆ ಬಳಸಿದ ಮುಚ್ಚಳದ ರಬ್ಬರನ್ನು ಬೇರೆ ತಂಬಾಕಿಗೆ ಬಳಸಬೇಡಿ, ತೊಳೆದರೂ ವಾಸನೆ ಬಿಡುವುದಿಲ್ಲ.

ಕಂಪು ಕಡಿಮೆಯಾದರೆ ಮನೆಯಲ್ಲೇ ಪನ್ನೀರು ಅಥವಾ ಗುಲಾಬಿ ಎಣ್ಣೆ ಹಾಕಬಹುದೇ?

ಬೇಡ. ಪನ್ನೀರು ಹಾಕಿದರೆ ಬೂಷ್ಟು ಬರುತ್ತದೆ. ಚರ್ಮಕ್ಕೆ ಹಚ್ಚಲು ಮಾಡಿದ ಎಣ್ಣೆ, ಅತ್ತರು ಉರಿದರೆ ಏನಾಗುತ್ತದೆ ಎಂಬ ಪರೀಕ್ಷೆ ನಡೆದಿರುವುದಿಲ್ಲ. ಟೊಂಕಾ ಬೀಜ ತುರಿದು ಹಾಕುವುದೂ ಬೇಡ. ಅದರ ಕೂಮರಿನ್ ಯಕೃತ್ತಿಗೆ ಹಾನಿಕರವೆಂದು ಅಮೆರಿಕ 1954ರಲ್ಲೇ ಅದನ್ನು ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿತು. ತಂಬಾಕು ಪುಡಿಯಾಗುವಷ್ಟು ಒಣಗಿದ್ದರೆ, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಹಿಂಡಿದ ಹತ್ತಿಯನ್ನು ತಂಬಾಕಿಗೆ ತಾಗದಂತೆ ಜಾಡಿಯ ಬಾಯಿಯಲ್ಲಿ ನಾಲ್ಕಾರು ಗಂಟೆ ಇಟ್ಟು ತೆಗೆಯಿರಿ. ಎಲೆ ಮೆತ್ತಗಾಗುತ್ತದೆ, ಹೋದ ಕಂಪು ಮಾತ್ರ ಬರುವುದಿಲ್ಲ.

ರುಚಿಯ ಟಿಪ್ಪಣಿ ಬರೆಯುವಾಗ ಏನನ್ನು ದಾಖಲಿಸಬೇಕು?

‘ಚೆನ್ನಾಗಿದೆ’ ಎಂದಷ್ಟೇ ಬರೆದರೆ ಮುಂದಿನ ಬಾರಿ ಉಪಯೋಗವಿಲ್ಲ. ಪೈಪ್ ಯಾವುದು, ಎಷ್ಟು ನಿಮಿಷ ಒಣಗಿಸಿದಿರಿ, ಎಷ್ಟು ಬಾರಿ ಮತ್ತೆ ಹೊತ್ತಿಸಬೇಕಾಯಿತು, ಹೂವು ಬೌಲಿನ ಯಾವ ಹಂತದವರೆಗೆ ಇತ್ತು ಎಂಬುದನ್ನು ಬರೆಯಿರಿ. ಹೂವಿಗೆ ನಿಖರವಾದ ಮಾತು ಹುಡುಕಿ: ತಾಜಾ ಗುಲಾಬಿಯೋ, ಒಣಗಿದ ಎಸಳೋ, ಪನ್ನೀರೋ? ಮಲ್ಲಿಗೆಯಾದರೆ ಬಿರಿದ ಮೊಗ್ಗಿನದ್ದೋ, ಬಾಡಿ ಕಂದಿದ ಹೂವಿನದ್ದೋ? ಘಾಟು, ಒಗರು, ಕಮರು ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಿ. ಊಟವಾಗಿ ಒಂದು ಗಂಟೆಯಾದರೂ ಕಳೆದಿರಲಿ, ಕಾಫಿ ಬೇಡ, ಜೊತೆಗೆ ನೀರು ಸಾಕು. ದಿನಕ್ಕೆ ಒಂದಕ್ಕಿಂತ ಹೆಚ್ಚು ಮಿಶ್ರಣದ ರುಚಿ ನೋಡಬೇಡಿ. ಒಂದು ಬೌಲಿನಿಂದ ತೀರ್ಪು ಕೊಡಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ತೇವದಲ್ಲಿ ಮೂರು ಬೌಲಾದರೂ ಆಗಬೇಕು. ಮೂರರಲ್ಲೂ ಹೂವು ಎಲೆಯಿಂದ ಬೇರೆಯಾಗಿಯೇ ನಿಂತಿದ್ದರೆ ಆ ಮಿಶ್ರಣವನ್ನು ಮತ್ತೆ ಕೊಳ್ಳುವ ಅಗತ್ಯವಿಲ್ಲ.